ಘಟ್ಟ ಇಳಿದು ಅಲೆ ಏರುವುದು: ಕೊಡಗಿನವರಿಗೆ ಸರ್ಫಿಂಗ್‌ನ ಮೊದಲ ಮೂರು ದಿನ

ಕೊಡಗಿನಲ್ಲಿ ಬೆಳೆದವರಿಗೆ ನೀರು ಹೊಸದಲ್ಲ. ಕಾವೇರಿಯೋ ಹಾರಂಗಿಯೋ ಲಕ್ಷ್ಮಣತೀರ್ಥವೋ, ಯಾವುದಾದರೊಂದು ಹೊಳೆಯಲ್ಲಿ ಕೈಕಾಲು ಬಡಿದು ಈಜು ಕಲಿತವರು ಬೇಕಾದಷ್ಟು ಜನ. ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟಿಂಗ್ ಮಾಡಿದವರೂ ಇದ್ದಾರೆ. ಆದರೆ ಸರ್ಫಿಂಗ್‌ಗೆಂದು, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯೊಡನೆ ಜಾರಲೆಂದು, ಕಡಲಿಗೆ ಇಳಿಯುವ ಮುಂಚೆ ಹೊಳೆ ಕಲಿಸಿದ ಒಂದು ಪಾಠವನ್ನು ಮರೆಯಲೇಬೇಕು. ಹೊಳೆಯಲ್ಲಿ ನೊರೆ ಎದ್ದಿದೆ ಎಂದರೆ ಕೆಳಗೆ ಬಂಡೆಯಿದೆ, ಅತ್ತ ಹೋಗಬಾರದು. ಮರಳಿನ ಕಡಲತೀರದಲ್ಲಿ ಇದು ತಿರುಗುಮುರುಗು. ಬಿಳಿ ನೊರೆ ಏಳುವಲ್ಲಿ ಕೆಳಗೆ ಮರಳಿನ ದಿಬ್ಬವಿದ್ದು ನೀರು ಆಳವಿರುವುದಿಲ್ಲ. ಕಲಿಯುವವರ ಜಾಗ ಅದೇ. ಎರಡು ನೊರೆಗಳ ನಡುವೆ ಅಲೆಯೇ ಇಲ್ಲದೆ ಸುಮ್ಮನೆ ಮಲಗಿದಂತೆ ಕಾಣುವ ನೀರು ಅಪಾಯದ್ದು. ದಡಕ್ಕೆ ಬಂದ ನೀರೆಲ್ಲ ಹಿಂದಿರುಗಿ ಹೋಗುವ ಹಾದಿ ಅದು. ಈ ಬರಹದಲ್ಲಿ ಇದೊಂದು ಮಾತು ನೆನಪಿಟ್ಟರೂ ಸಾಕು, ಉಳಿದದ್ದನ್ನು ಅಲೆಯೇ ಕಲಿಸುತ್ತದೆ.

ಎಲ್ಲಿಗೆ, ಯಾವಾಗ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಬಿ.ಸಿ.ರೋಡ್ ದಾಟಿದರೆ ಮಂಗಳೂರು ಸುಮಾರು 140 ಕಿ.ಮೀ. ಅಲ್ಲಿಂದ ಉಡುಪಿ ದಾರಿಯಲ್ಲಿ ಸುರತ್ಕಲ್, ಹಳೆಯಂಗಡಿ, ಆಮೇಲೆ ಮುಲ್ಕಿ. ಇನ್ನು ಸುಮಾರು 30 ಕಿ.ಮೀ. ನಮ್ಮ ದೇಶದಲ್ಲಿ ಸರ್ಫಿಂಗ್ ಮೊದಮೊದಲು ಬೇರುಬಿಟ್ಟ ಊರುಗಳಲ್ಲಿ ಮುಲ್ಕಿ ಒಂದು. ಮಂತ್ರ ಸರ್ಫ್ ಕ್ಲಬ್ ಇಲ್ಲಿ ಶುರುವಾದದ್ದು 2004ರಲ್ಲಿ. ಹಳೆಯಂಗಡಿಯಿಂದ ಒಳಗೆ ತಿರುಗಿದರೆ ಸಿಗುವ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಮಾಕುಟ್ಟ ದಾಟಿ ಕಣ್ಣೂರು ಹತ್ತಿರವಾದೀತು. ಆದರೂ ಮೊದಲ ಸಲ ಕಲಿಸುವವರು, ಬೋರ್ಡು, ಕಾಯುವ ಕಣ್ಣು ಮೂರೂ ಒಂದೇ ಕಡೆ ಸಿಗಬೇಕು. ಮುಲ್ಕಿಯೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಸಸಿಹಿತ್ಲುವಿನಲ್ಲಿ ಒಂದು ಎಚ್ಚರಿಕೆ. ಶಾಂಭವಿ, ನಂದಿನಿ ಎರಡೂ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ಆ ಅಳಿವೆಯ ಬಾಯಿಗೆ ಹೊಸಬರು ಹೋಗಲೇಬಾರದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲ ನೀರೂ ಸೇರಿಕೊಂಡು ಹೊರಗೆ ಎಳೆಯುತ್ತವೆ. ಅಳಿವೆಯಿಂದ ಕನಿಷ್ಠ ಅರ್ಧ ಕಿಲೋಮೀಟರ್ ಆಚೆ, ನೇರವಾದ ಮರಳ ದಂಡೆಯಲ್ಲಿ ಕಲಿಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ತಲೆಹಾಕುವುದು ಬೇಡ. ಮುಂಗಾರಿನ ಕಡಲು ಕಲಿಯುವವರದ್ದಲ್ಲ. ಅಕ್ಟೋಬರ್ ಕೊನೆಯಿಂದ ಕಡಲು ಹದಕ್ಕೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಅಲೆ ಅತಿ ಮೃದು, ಆದರೆ ಆಗ ಕಾಫಿ ಕೊಯ್ಲು. ತೋಟವಿರುವವರಿಗೆ ಬಿಡುವು ಸಿಗುವುದು ಪುತ್ತರಿಗೆ ಮುಂಚೆ, ಇಲ್ಲವೇ ರೊಬಸ್ಟಾ ಕೊಯ್ದು ಮುಗಿಸಿದ ಮೇಲೆ. ಆ ಎರಡು ಹೊತ್ತೂ ಒಳ್ಳೆಯದೇ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಒಂದು ವಿಷಯ ಗೊತ್ತಿರಲಿ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿ.ಮೀ. ಸಾಗಿಬಂದು ಇಲ್ಲಿ ಗಾಳಿಯೇ ಇಲ್ಲದ ತಿಳಿ ದಿನದಲ್ಲಿ ದಡಕ್ಕೆ ಅಪ್ಪಳಿಸುತ್ತವೆ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ (INCOIS) ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅವರ ಅಲೆ ಮುನ್ಸೂಚನೆ ನೋಡಿ. ಅಲೆಯ ಎತ್ತರ ಅರ್ಧದಿಂದ ಮುಕ್ಕಾಲು ಮೀಟರ್ ಇದ್ದರೆ ಕಲಿಯಲು ಹೇಳಿಮಾಡಿಸಿದ ಹಾಗೆ. ಒಂದು ಮೀಟರ್ ದಾಟಿದ್ದರೆ, ಅಥವಾ ಎರಡು ಅಲೆಗಳ ನಡುವಿನ ಹೊತ್ತು 16 ಸೆಕೆಂಡಿಗಿಂತ ಹೆಚ್ಚಿದ್ದರೆ, ಪ್ರಯಾಣ ಮುಂದಕ್ಕೆ ಹಾಕಿ. ಎತ್ತರ ಕಡಿಮೆಯೇ ಕಂಡರೂ ನಡುವಿನ ಹೊತ್ತು ಉದ್ದವಾದಷ್ಟೂ ಆ ಅಲೆಯ ಹೊಟ್ಟೆಯಲ್ಲಿ ಬಲ ಜಾಸ್ತಿ.

ದಿನದಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ. ರಾತ್ರಿಯೆಲ್ಲ ತಣಿದ ನೆಲದಿಂದ ಕಡಲ ಕಡೆಗೆ ಮೆಲ್ಲನೆ ಗಾಳಿ ಬೀಸುತ್ತಿರುತ್ತದೆ, ಅಲೆಯ ಮೈ ನುಣುಪಾಗಿರುತ್ತದೆ. ಹತ್ತು ಹನ್ನೊಂದರ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿದರೆ ನೀರು ಕಲಕಿದಂತಾಗಿ ಯಾವುದು ಅಲೆ, ಯಾವುದು ಬರೀ ಅಲುಗಾಟ ಎಂದೇ ತಿಳಿಯುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಇಳಿದು ಅಲ್ಲೇ ಮಲಗಿ. ಮಧ್ಯರಾತ್ರಿ ಮಡಿಕೇರಿ ಬಿಟ್ಟು, ಮಂಜಿನಲ್ಲಿ ಘಾಟಿ ಇಳಿದು, ನಿದ್ದೆಗಣ್ಣಿನಲ್ಲಿ ನೀರಿಗೆ ಇಳಿಯುವುದು ಬೇಡ.

ಉಬ್ಬರವಿಳಿತವನ್ನೂ ನೋಡಿಕೊಳ್ಳಬೇಕು. ಪೂರ್ತಿ ಉಬ್ಬರದಲ್ಲಿ ಅಲೆ ದಡದ ಏರಿನ ಮೇಲೆಯೇ ಬಂದು ಕುಸಿಯುತ್ತದೆ, ಏಳಲು ಜಾಗವೇ ಸಿಗುವುದಿಲ್ಲ. ಪೂರ್ತಿ ಇಳಿತದಲ್ಲಿ ಗೇಣು ನೀರಿನಲ್ಲಿ ಒಮ್ಮೆಲೇ ಮಗುಚುತ್ತದೆ. ಇವೆರಡರ ನಡುವೆ, ನೀರು ಏರುತ್ತಿರುವ ಎರಡು ಗಂಟೆಗಳೇ ಚೆಂದ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹೀಗಾಗಿ ಈ ಶನಿವಾರ ಸರಿಯಿದ್ದ ಹೊತ್ತು ಮುಂದಿನ ಶನಿವಾರ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರಿಳಿತ ದೊಡ್ಡದು. ಮೊದಲ ಪಾಠಕ್ಕೆ ಅಷ್ಟಮಿ, ನವಮಿಯ ಸುಮಾರು ಒಳ್ಳೆಯದು.

ಬೋರ್ಡು

ಮೇಲ್ಮೈ ಫೋಮ್ ಇರುವ ಮೆತ್ತನೆಯ ಬೋರ್ಡನ್ನೇ ಕೇಳಿ. ತೂಕ 60 ಕೆ.ಜಿ. ಒಳಗಿದ್ದರೆ 8 ಅಡಿ, 75 ದಾಟಿದ್ದರೆ 9 ಅಡಿ. ಅಗಲ 22-23 ಇಂಚು, ದಪ್ಪ 3 ಇಂಚು ಅಥವಾ ತುಸು ಹೆಚ್ಚು. ಚಿಕ್ಕ ಬೋರ್ಡು ನೋಡಲು ಚುರುಕು, ಆದರೆ ಅದು ನೀರಲ್ಲಿ ಅರ್ಧ ಮುಳುಗಿಕೊಂಡೇ ಇರುತ್ತದೆ. ಅಲೆಯ ವೇಗ ಹಿಡಿಯುವಷ್ಟರಲ್ಲಿ ಅಲೆ ದಾಟಿ ಹೋಗಿರುತ್ತದೆ. ಹೊಸಬರು ಮಾಡುವ ಮೊದಲ ತಪ್ಪೇ ಇದು.

ಬೋರ್ಡಿನ ಕೆಳಗೆ ಬಾಲದ ಹತ್ತಿರ, ಅಂದರೆ ಹಿಂತುದಿಯಲ್ಲಿ, ಮೂರು ರೆಕ್ಕೆಗಳಿರುತ್ತವೆ. ಮೂರೂ ಇವೆಯೇ, ಅಲುಗುತ್ತವೆಯೇ, ಕೈಯಲ್ಲಿ ಹಿಡಿದು ನೋಡಿ. ಒಂದು ಕಳಚಿದ್ದರೂ ಬೋರ್ಡು ಒಂದೇ ಕಡೆಗೆ ಜಾರುತ್ತದೆ. ಲೀಶ್ ಎಂಬ ಹಗ್ಗ ಬೋರ್ಡಿನಷ್ಟೇ ಉದ್ದವಿರಬೇಕು. ಅದನ್ನು ಕಟ್ಟುವುದು ಹಿಂದಿನ ಕಾಲಿಗೆ, ಪಾದದ ಗಂಟಿನ ಮೇಲೆ, ಹಗ್ಗ ಹಿಂದಕ್ಕೆ ಹೊರಳಿರುವಂತೆ. ಯಾವುದು ಹಿಂದಿನ ಕಾಲು ಎಂದು ತಿಳಿಯಲು, ಒದ್ದೆ ಸಿಮೆಂಟಿನ ಮೇಲೆ ಓಡಿಬಂದು ಜಾರುವುದಾದರೆ ಯಾವ ಕಾಲು ಮುಂದೆ ಬರುತ್ತದೆ ಯೋಚಿಸಿ. ಅದು ಮುಂದಿನದು, ಇನ್ನೊಂದು ಹಿಂದಿನದು. ಬಲಗೈಯವರಿಗೆ ಎಡಗಾಲೇ ಮುಂದೆ ಬರಬೇಕೆಂಬ ನಿಯಮವಿಲ್ಲ. ಲೀಶನ್ನು ಕೈಗೆ, ಬೆರಳಿಗೆ ಎಂದೂ ಸುತ್ತಿಕೊಳ್ಳಬೇಡಿ. ಅಲೆ ಬೋರ್ಡನ್ನು ಎಳೆದರೆ ಬೆರಳು ಮುರಿಯುತ್ತದೆ.

ಕಡಲ ನೀರು ಬೆಚ್ಚಗಿರುವುದರಿಂದ ವೆಟ್‌ಸೂಟ್ ಬೇಡ. ಮೈಗೆ ಅಂಟುವ ಉದ್ದ ತೋಳಿನ ರ‍್ಯಾಶ್‌ಗಾರ್ಡ್ ಮಾತ್ರ ಬೇಕೇ ಬೇಕು, ಇಲ್ಲದಿದ್ದರೆ ಹೊಟ್ಟೆ, ಎದೆ ಉಜ್ಜಿ ಸಂಜೆಗೆ ಉರಿ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರಬೇಡಿ. ಸನ್‌ಸ್ಕ್ರೀನ್ ಕೂಡ ಮುಖ, ಕತ್ತಿನ ಹಿಂಭಾಗ, ಕಿವಿ, ಮೊಣಕಾಲ ಹಿಂದೆ ಅಷ್ಟೇ. ಅಂಗೈಗೂ ಹೊಟ್ಟೆಗೂ ತಾಗಿದರೆ ಬೋರ್ಡು ಜಾರುತ್ತದೆ. ಉಂಗುರ, ಕಿವಿಯೋಲೆ ಮನೆಯಲ್ಲೇ ಇರಲಿ.

ಮೊದಲ ಅಭ್ಯಾಸ ಕಣದಲ್ಲಿ

ನೀರಿನಲ್ಲಿ ಏಳಲು ನಿಮಗೆ ಸಿಗುವುದು ಎರಡು ಸೆಕೆಂಡು. ಅಲ್ಲಿ ಯೋಚಿಸಲು ಹೊತ್ತಿಲ್ಲ. ಮೈಗೆ ಮೊದಲೇ ರೂಢಿಯಾಗಿರಬೇಕು. ಇದಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕಣದಲ್ಲಿ ಕಾಫಿ ಹರಡಿದ್ದರೆ ಜಗಲಿ ಸಾಕು.

ಸೀಮೆಸುಣ್ಣದಲ್ಲಿ 9 ಅಡಿ ಉದ್ದ, 23 ಇಂಚು ಅಗಲದ ಬೋರ್ಡಿನ ಆಕಾರ ಬರೆಯಿರಿ. ಮೂಗಿನಿಂದ, ಅಂದರೆ ಬೋರ್ಡಿನ ಮುಂತುದಿಯಿಂದ, ಬಾಲದವರೆಗೆ ನಡುವೆ ಒಂದು ಗೆರೆ. ಪಾದ ಒದ್ದೆ ಮಾಡಿಕೊಂಡು ಗೆರೆಯ ಮೇಲೆ ಬೋರಲು ಮಲಗಿ, ಕಾಲ್ಬೆರಳು ಬಾಲದ ಅಂಚಿಗೆ. ಅಂಗೈಗಳನ್ನು ಪಕ್ಕೆಲುಬಿನ ಬದಿಗೆ, ಎದೆಯ ಕೆಳಭಾಗದ ಸಮಕ್ಕೆ ಚಪ್ಪಟೆಯಾಗಿ ಊರಿ. ಕೈ ಭುಜದ ಮುಂದಕ್ಕೆ ಹೋದರೆ ಸೊಂಟ ಏಳುವುದಿಲ್ಲ. ಪುಶ್-ಅಪ್ ಮಾಡಿ ರೂಢಿಯಿರುವವರು ಇಲ್ಲಿ ತಪ್ಪುತ್ತಾರೆ. ಈಗ ಎದೆ ಎತ್ತಿ, ಕೈಯೂರಿ, ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದು ನಿಲ್ಲಿ. ಮುಂದಿನ ಪಾದ ಎರಡು ಕೈಗಳ ನಡುವೆ ಇದ್ದ ಜಾಗಕ್ಕೆ ಬರಬೇಕು, ಹಿಂದಿನದು ಭುಜದಗಲಕ್ಕಿಂತ ತುಸು ಹೆಚ್ಚು ಅಂತರದಲ್ಲಿ.

ನಿಂತ ಮೇಲೆ ಅಲುಗದೆ ಕೆಳಗೆ ನೋಡಿ. ಒದ್ದೆ ಪಾದದ ಗುರುತು ಸಿಮೆಂಟಿನ ಮೇಲೆ ಕಪ್ಪಗೆ ಮೂಡಿರುತ್ತದೆ. ಎರಡೂ ಪಾದಗಳ ನಡುಭಾಗ ಆ ಸುಣ್ಣದ ಗೆರೆಯ ಮೇಲಿರಬೇಕು. ಮುಂದಿನ ಪಾದ ಗೆರೆಯಿಂದ ನಾಲ್ಕು ಬೆರಳು ಆಚೆ ಬಿದ್ದಿದ್ದರೆ ನೀರಿನಲ್ಲಿ ಬೋರ್ಡು ಅದೇ ಕಡೆಗೆ ವಾಲಿ ನಿಮ್ಮನ್ನು ಚೆಲ್ಲುತ್ತದೆ. ಸದ್ದನ್ನೂ ಕೇಳಿಸಿಕೊಳ್ಳಿ. ಪಾದಗಳು ಒಟ್ಟಿಗೆ ಇಳಿದರೆ ಒಂದೇ ಮೆತ್ತನೆಯ ‘ಧಪ್’. ಎರಡು ಸದ್ದು ಕೇಳಿಸಿದರೆ ಒಂದು ಕಾಲು ಎಳೆಯುತ್ತಿದೆ ಎಂದರ್ಥ. ಮಧ್ಯೆ ಮೊಣಕಾಲೂರುವ ಅಭ್ಯಾಸ ಬೇಡವೇ ಬೇಡ, ಒಮ್ಮೆ ಅಂಟಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಒಟ್ಟಿಗೆ ಹಾರಿ ನಿಲ್ಲಲು ಆಗದವರು ಮೊದಲು ಹಿಂದಿನ ಪಾದವನ್ನು ಅಡ್ಡವಾಗಿ ಊರಿ, ಆಮೇಲೆ ಮುಂದಿನದನ್ನು ಒಳಗೆ ತರಲಿ. ಅದೂ ಸರಿಯಾದ ಕ್ರಮವೇ. ಹೊರಡುವ ಮೊದಲು ಮೂರು ವಾರ, ದಿನಕ್ಕೆ 20 ಸಲ.

ಕೊಡಗಿನ ಹಾಕಿ ಆಟಗಾರರಿಗೆ ಇಲ್ಲಿ ಒಂದು ಅನುಕೂಲ, ಒಂದು ತೊಡಕು. ತೊಡೆಯಲ್ಲಿ ಬಲವಿದೆ, ತಗ್ಗಿ ನಿಲ್ಲುವುದು ಗೊತ್ತು. ಆದರೆ ಚೆಂಡಿನ ಹಿಂದೆ ಓಡುವಾಗ ಸೊಂಟ ಬಾಗುತ್ತದೆ, ಕಣ್ಣು ನೆಲದ ಮೇಲಿರುತ್ತದೆ. ಬೋರ್ಡಿನ ಮೇಲೆ ಬಾಗಬೇಕಾದದ್ದು ಮೊಣಕಾಲು. ಬೆನ್ನು ನೆಟ್ಟಗಿದ್ದು ಕಣ್ಣು ದಡದ ತೆಂಗಿನ ಮರದ ಮೇಲಿರಬೇಕು. ಪಾದ ನೋಡಿದವರು ಪಾದದ ಬಳಿಯೇ ಬೀಳುತ್ತಾರೆ.

ಈಜು ಎಷ್ಟು ಬರಬೇಕು? ನಿಲ್ಲದೆ 100 ಮೀಟರ್, ಮತ್ತು ಕಾಲು ತಾಗದ ನೀರಿನಲ್ಲಿ ಐದು ನಿಮಿಷ ತೇಲುವಷ್ಟು. ಈ ಅಭ್ಯಾಸಕ್ಕೆ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ನೀರಾವರಿ ಕೆರೆಗೆ ಇಳಿಯಬೇಡಿ. ಪಾಚಿ ಹಿಡಿದ ಹಾಳೆಯ ಮೇಲೆ ಕೈಯೂ ಕಾಲೂ ನಿಲ್ಲುವುದಿಲ್ಲ. ಚೆನ್ನಾಗಿ ಈಜು ಬಲ್ಲವರೂ ಮೇಲೆ ಹತ್ತಲಾಗದೆ ಸೋಲುತ್ತಾರೆ. ಈಜುಕೊಳವೇ ಆಗಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು.

ನೀರಿಗೆ

ಬಂದ ತಕ್ಷಣ ಇಳಿಯಬೇಡಿ. ಹದಿನೈದು ನಿಮಿಷ ಮರಳಿನ ಮೇಲೆ ಕುಳಿತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ. ಆ ಸುಮ್ಮನಿರುವ ಹೊತ್ತು ಒಳಗೆ ನಡೆದುಹೋಗಲು. ನೊರೆ ಎಲ್ಲಿ ಏಳುತ್ತದೆ, ಎಲ್ಲಿ ಏಳುವುದಿಲ್ಲ, ನೀರಿನ ಬಣ್ಣ ಎಲ್ಲಿ ಗಾಢವಾಗಿದೆ ಗುರುತಿಟ್ಟುಕೊಳ್ಳಿ. ಮಳೆಗಾಲ ಪ್ರತಿವರ್ಷ ಮರಳಿನ ದಿಬ್ಬವನ್ನು ಕಿತ್ತು ಬೇರೆಡೆ ಕೂರಿಸುತ್ತದೆ. ಹೋದ ವರ್ಷದ ಒಳ್ಳೆಯ ಜಾಗ ಈ ವರ್ಷ ಅದೇ ಆಗಿರಬೇಕಿಲ್ಲ. ಬಲೆ ಎಳೆಯುವ ಮೀನುಗಾರರನ್ನು ಕೇಳಿದರೆ ಸೆಳೆತ ಎಲ್ಲಿದೆ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅವರು ದಡದಿಂದ ಎಳೆಯುವ ಕೈರಂಪಣಿ ಬಲೆ ಬಿಟ್ಟಿದ್ದರೆ ಆ ಕಡೆ ಸುಳಿಯಬೇಡಿ. ಅದು ಅವರ ಅನ್ನ. ಲೀಶ್ ಬಲೆಗೆ ಸಿಕ್ಕಿಕೊಂಡರೆ ನಿಮ್ಮ ಜೀವಕ್ಕೂ ಕುತ್ತು. ದಡದಲ್ಲಿ ಎರಡು ಗುರುತು ಹಿಡಿದುಕೊಳ್ಳಿ, ಒಂದು ಮರ, ಒಂದು ಗುಡಿಸಲು. ಪ್ರತಿ ಅಲೆಯ ನಂತರ ಅವುಗಳ ನೇರದಲ್ಲೇ ಇದ್ದೀರಾ ನೋಡಿ.

ಒಳಗೆ ಹೋಗುವಾಗ ಬೋರ್ಡು ನಿಮ್ಮ ಪಕ್ಕದಲ್ಲಿ, ಮೂಗು ನೇರ ಅಲೆಯತ್ತ. ನಿಮಗೂ ಅಲೆಗೂ ನಡುವೆ ಬೋರ್ಡು ಅಡ್ಡ ಬಂದರೆ ಅಲೆ ಅದನ್ನು ನಿಮ್ಮ ಮುಖಕ್ಕೆ ಹೊಡೆಯುತ್ತದೆ. ಹೊಸಬರಿಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ಸ್ವಂತ ಬೋರ್ಡಿನಿಂದಲೇ. ಪಾದ ಎತ್ತಿ ಇಡಬೇಡಿ, ಮರಳಿನ ಮೇಲೆ ಜಾರಿಸುತ್ತ ನಡೆಯಿರಿ. ಮರಳಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಮಾತ್ರ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ಸುಡದಷ್ಟು ಬಿಸಿ ನೀರಿನಲ್ಲಿ ಪಾದ ಮುಳುಗಿಸಿಟ್ಟು ಆಸ್ಪತ್ರೆಗೆ ಹೊರಡಿ. ಬಿಸಿಗೆ ನೋವು ಇಳಿಯುತ್ತದೆ.

ಸೊಂಟದ ಆಳದಲ್ಲಿ ನಿಲ್ಲಿ. ಮೊದಲ ದಿನ ಅದಕ್ಕಿಂತ ಮುಂದೆ ಒಂದು ಹೆಜ್ಜೆಯೂ ಬೇಡ. ಬೋರ್ಡನ್ನು ದಡಕ್ಕೆ ತಿರುಗಿಸಿ ಮಲಗಿ, ಬೋರ್ಡಿನ ಮೂಗು ನೀರಿನಿಂದ ಎರಡು ಮೂರು ಇಂಚು ಮೇಲಿರುವಂತೆ. ಬಹಳ ಮುಂದೆ ಮಲಗಿದರೆ ಮೂಗು ನೀರಿಗೆ ಹೊಕ್ಕು ಪಲ್ಟಿ. ಬಹಳ ಹಿಂದೆ ಮಲಗಿದರೆ ಮೂಗು ಆಕಾಶ ನೋಡುತ್ತದೆ, ಅಲೆ ಕೆಳಗಿನಿಂದ ಜಾರಿ ಹೋಗುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ನಿಮ್ಮ ಗಲ್ಲದ ನೇರಕ್ಕೆ ಬೋರ್ಡಿನ ಮೇಲಿರುವ ಗೆರೆಯನ್ನೋ ಅಕ್ಷರವನ್ನೋ ನೆನಪಿಟ್ಟುಕೊಳ್ಳಿ. ಪ್ರತಿ ಸಲ ಅಲ್ಲೇ ಮಲಗಬಹುದು.

ನೊರೆ ಮೂರು ನಾಲ್ಕು ಮೀಟರ್ ಹಿಂದೆ ಇರುವಾಗ ಕೈ ಹಾಕಲು ಶುರು. ನಾಲ್ಕೈದು ಆಳವಾದ ಎಳೆತ, ಮೊಣಕೈವರೆಗೆ ನೀರೊಳಗೆ. ನೊರೆ ಬಾಲಕ್ಕೆ ತಾಗಿ ತಳ್ಳಿದ ಕೂಡಲೇ ನಿಲ್ಲಿಸುವವರೇ ಹೆಚ್ಚು. ಅಲ್ಲಿ ಇನ್ನೆರಡು ಎಳೆತ ಹಾಕಿ. ಬೋರ್ಡು ತಾನಾಗಿ ಓಡತೊಡಗಿದ್ದು ಹೊಟ್ಟೆಗೆ ತಿಳಿಯುತ್ತದೆ, ಕೆಳಗೆ ನೀರು ಸರಸರ ಎನ್ನುತ್ತದೆ. ಮೊದಲ ಹತ್ತು ಅಲೆಗಳಲ್ಲಿ ಏಳಲೇಬೇಡಿ. ಮಲಗಿಕೊಂಡೇ ದಡದವರೆಗೆ ಬನ್ನಿ. ಮುಂದಿನ ಐದರಲ್ಲಿ ಕೈಯೂರಿ ಎದೆ ಎತ್ತಿ ಹಿಡಿಯಿರಿ. ಆಮೇಲೆ ಕಣದಲ್ಲಿ ಮಾಡಿದ್ದನ್ನೇ ಮಾಡಿ. ಕೈ ಬೋರ್ಡಿನ ಮೇಲೆ ಚಪ್ಪಟೆಯಾಗಿರಲಿ. ಅಂಚನ್ನು ಹಿಡಿದು ಎದ್ದರೆ ಒಂದು ಕಡೆ ಎಳೆದಂತಾಗಿ ಬೋರ್ಡು ಮಗುಚುತ್ತದೆ.

ಎದ್ದು ನಿಂತ ಮರುಕ್ಷಣ ಹಿಂದಕ್ಕೆ ಬೀಳುತ್ತಿದ್ದರೆ ಭಾರ ಹಿಂದಿನ ಕಾಲಿನ ಮೇಲಿದೆ. ಭಯಕ್ಕೆ ಎಲ್ಲರೂ ಹಿಂದೆ ವಾಲುತ್ತಾರೆ. ಮುಂದಿನ ಮೊಣಕಾಲಿನ ಮೇಲೆ ಎದೆ ಬರುವಂತೆ ತಗ್ಗಿ. ಮುಂದಕ್ಕೆ ಬೀಳುತ್ತಿದ್ದರೆ ಬೇಗ ಎದ್ದಿರಿ, ಬೋರ್ಡಿಗೆ ಇನ್ನೂ ವೇಗ ಬಂದಿರಲಿಲ್ಲ. ಒಂದೇ ಬದಿಗೆ ಬೀಳುತ್ತಿದ್ದರೆ ಪಾದ ನಡುಗೆರೆ ಬಿಟ್ಟಿದೆ.

ಬೀಳುವುದನ್ನೂ ಕಲಿಯಬೇಕು. ತಲೆ ಮುಂದಾಗಿ ಧುಮುಕಬಾರದು, ಕಾಲು ನೆಟ್ಟಗೆ ಮಾಡಿ ಹಾರಲೂಬಾರದು. ಸೊಂಟದ ನೀರಿನ ಕೆಳಗೆ ಗಟ್ಟಿ ಮರಳಿದೆ. ಪಕ್ಕಕ್ಕೆ, ಬೆನ್ನು ಅಥವಾ ಪೃಷ್ಠ ಮೊದಲು ತಾಗುವಂತೆ, ಚಪ್ಪಟೆಯಾಗಿ ಬೀಳಿ. ಮೇಲೆ ಬರುವಾಗ ಎರಡೂ ತೋಳು ತಲೆಗೆ ಸುತ್ತಿಕೊಂಡು ಬನ್ನಿ, ಬೋರ್ಡು ಎಲ್ಲಿದೆಯೋ ಗೊತ್ತಿರುವುದಿಲ್ಲ. ದಡದ ಹತ್ತಿರ ಬಂದಾಗ ಮೊಣಕಾಲ ಆಳದಲ್ಲೇ ಇಳಿದುಬಿಡಿ. ಇನ್ನೂ ಮುಂದೆ ಬಂದರೆ ರೆಕ್ಕೆ ಮರಳಿಗೆ ನಾಟಿ, ಬೋರ್ಡು ನಿಂತು, ನೀವು ಮಾತ್ರ ಮುಂದೆ ಹೋಗುತ್ತೀರಿ.

ಒಂದೂವರೆ ಗಂಟೆ ಸಾಕು. ಭುಜ ಸೋತ ಮೇಲಿನ ಅರ್ಧ ಗಂಟೆಯಲ್ಲೇ ಅನಾಹುತಗಳಾಗುವುದು.

ಸೆಳೆತ

ಹೊಳೆಯಲ್ಲಿ ಸೆಳೆತಕ್ಕೆ ಸಿಕ್ಕಿದರೆ ಹತ್ತಿರದ ದಡ ನೋಡಿ ಓರೆಯಾಗಿ ಈಜುತ್ತೇವೆ. ಕಡಲಲ್ಲಿ ದಡದ ಕಡೆಗೆ ಈಜಿದರೆ ಸೆಳೆತಕ್ಕೆ ಎದುರಾಗಿಯೇ ಈಜಿದ ಹಾಗೆ. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್ ಓಡಬಲ್ಲದು. ಯಾವ ಈಜುಗಾರನೂ ಅದನ್ನು ಗೆಲ್ಲಲಾರ. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ, ಅಷ್ಟೇ. ಬೋರ್ಡನ್ನು ಬಿಡಬೇಡಿ, ನಿಮ್ಮನ್ನು ತೇಲಿಸುವುದು ಅದೇ. ಅದರ ಮೇಲೆ ಮಲಗಿ, ಒಂದು ಕೈ ಎತ್ತಿ ಬೀಸಿ, ದಡಕ್ಕೆ ಸಮಾನಾಂತರವಾಗಿ ನೊರೆ ಕಾಣುವ ಕಡೆಗೆ ಕೈ ಹಾಕಿ. ಮೂವತ್ತು ನಲವತ್ತು ಮೀಟರ್ ಹೋದರೆ ಸಾಮಾನ್ಯವಾಗಿ ಸೆಳೆತ ಬಿಡುತ್ತದೆ. ಅಲ್ಲಿಂದ ನೊರೆಯೇ ನಿಮ್ಮನ್ನು ದಡಕ್ಕೆ ತಂದು ಹಾಕುತ್ತದೆ. ದಡದಲ್ಲಿರುವವರು ಕಾಪಾಡಲೆಂದು ಬರಿಗೈಯಲ್ಲಿ ಧುಮುಕಬಾರದು. ತೇಲುವುದೇನಾದರೂ ಎಸೆಯಿರಿ, ಲೈಫ್‌ಗಾರ್ಡ್ ಕರೆಯಿರಿ, 112ಕ್ಕೆ ಫೋನ್ ಮಾಡಿ.

ಮೂರನೆಯ ದಿನ

ನೊರೆಯಲ್ಲಿ ಹತ್ತಕ್ಕೆ ಏಳು ಸಲ ಎದ್ದು ದಡದವರೆಗೆ ನಿಂತು ಬಂದಿದ್ದರೆ, ಕಲಿಸುವವರ ಜೊತೆ ಎದೆಯ ಆಳಕ್ಕೆ ಹೋಗಿ ಇನ್ನೂ ಒಡೆಯದ ಹಸಿರು ಅಲೆಯನ್ನು ಹಿಡಿಯಬಹುದು. ಅಷ್ಟಾಗದಿದ್ದರೆ ಇನ್ನೊಂದು ದಿನ ನೊರೆಯಲ್ಲೇ ಕಳೆಯಿರಿ. ಅಲ್ಲಿ ಕಲಿತದ್ದು ಎಲ್ಲೂ ಹೋಗುವುದಿಲ್ಲ. ಹಸಿರು ಅಲೆಗೆ ಬೇಗ ಹೊರಡಬೇಕು, ಆರೆಂಟು ಎಳೆತ ಮೊದಲೇ. ಏಳುವುದನ್ನೂ ತಡಮಾಡಬಾರದು. ಅಲೆ ಕಡಿದಾದ ಮೇಲೆ ಎದ್ದರೆ ಮೂಗು ಹೊಕ್ಕು ಬೀಳುವುದು ಖಂಡಿತ. ಇಲ್ಲಿಂದ ಮುಂದೆ ಬೇರೆಯವರೂ ನೀರಿನಲ್ಲಿರುತ್ತಾರೆ. ಒಂದು ಅಲೆ ಒಬ್ಬರಿಗೆ. ಅದು ಒಡೆಯತೊಡಗುವ ಜಾಗಕ್ಕೆ ಯಾರು ಹತ್ತಿರವೋ ಅವರದ್ದು ಆ ಅಲೆ. ದೊಡ್ಡ ನೊರೆ ಬಂತೆಂದು ಬೋರ್ಡನ್ನು ಬಿಟ್ಟು ಮುಳುಗಬಾರದು, ಹಿಂದೆ ಇರುವವರಿಗೆ ಅದು ಬಡಿಯುತ್ತದೆ.

ಕಲಿತು, ಬೋರ್ಡು ಕೊಂಡು ಊರಿಗೆ ತರುವವರಿಗೆ ಎರಡು ಮಾತು. ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಫೋಮ್ ಉಬ್ಬಿ ಪದರ ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೂ ಅಷ್ಟೇ. ನಮ್ಮ ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಗಾಳಿಯಾಡುವಲ್ಲಿ ಮಲಗಿಸಿಡಿ, ಬೂಷ್ಟು ಹಿಡಿಯುವುದಿಲ್ಲ. ಜೀಪಿನ ಮೇಲೆ ಕಟ್ಟುವಾಗ ರೆಕ್ಕೆ ಮೇಲ್ಮುಖವಾಗಿ, ಎರಡು ಪಟ್ಟಿ ಹಾಕಿ. ವಾಪಸು ಬರುವಾಗ ಸುಳ್ಯದಲ್ಲಿ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಇದೆಯೇ ನೋಡಿಕೊಳ್ಳಿ. ಸಂಪಾಜೆ ದಾಟಿದರೆ ಮಡಿಕೇರಿಯವರೆಗೂ ತಿರುವುಗಳೇ.